ಸಂತೆ ಬ್ಯಾಂಡೋ, ಖಾಲಿ ಬ್ಯಾಂಡೋ? ಹ್ಯಾಮ್ ಕಾಂಟೆಸ್ಟ್ ಆರಿಸಿಕೊಳ್ಳುವ ಮುಂಚೆ

ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೊ. ಗೊತ್ತಾದ ಹೊತ್ತಿನೊಳಗೆ ಆದಷ್ಟು ಹೆಚ್ಚು ಸ್ಟೇಷನ್‌ಗಳ ಜೊತೆ ಸಂಪರ್ಕ ಮಾಡುವ ಸ್ಪರ್ಧೆಯೇ ಕಾಂಟೆಸ್ಟ್. ನನ್ನ ಮೊದಲ ದೊಡ್ಡ ಕಾಂಟೆಸ್ಟ್ ನೆನಪಾದರೆ ಈಗಲೂ ಗಂಟಲು ಒಣಗುತ್ತದೆ. ನೂರು ವ್ಯಾಟ್ ರೇಡಿಯೊ, ಹೆಚ್ಚು ಎತ್ತರವಿಲ್ಲದ ತಂತಿ ಡೈಪೋಲ್ ಆಂಟೆನಾ, 20 ಮೀಟರ್ ಬ್ಯಾಂಡ್ (ಬ್ಯಾಂಡ್ ಅಂದರೆ ಹ್ಯಾಮ್‌ಗಳಿಗೆ ಬಿಟ್ಟ ಫ್ರೀಕ್ವೆನ್ಸಿಗಳ ಪಟ್ಟಿ, ಮೀಟರ್ ಅಂದರೆ ತರಂಗದ ಉದ್ದ). ಒಂದೇ ಸ್ಟೇಷನ್ನನ್ನು ಇಪ್ಪತ್ತು ನಿಮಿಷ ಕರೆದಿದ್ದೆ. ನನ್ನ ಕಾಲ್‌ಸೈನ್‌ನ (ಸ್ಟೇಷನ್ನಿನ ಗುರುತಿನ ಹೆಸರು) ಕೊನೆಯ ಅಕ್ಷರ ಹೇಳುವಷ್ಟರಲ್ಲಿ ಯಾರೋ ದೊಡ್ಡ ಬೀಮ್ ಆಂಟೆನಾದವರು ಬಂದು ಕೆಲಸ ಮುಗಿಸಿಕೊಂಡು ಹೋಗಿರುತ್ತಿದ್ದರು. ನಾಲ್ಕು ಗಂಟೆ ಕೂತಿದ್ದಕ್ಕೆ ಲಾಗ್‌ನಲ್ಲಿ ಇದ್ದಿದ್ದು ಮೂವತ್ತು ಸಂಪರ್ಕ. ಬೇಜಾರಾಗಿ ಸುಮ್ನೆ ಬ್ಯಾಂಡ್ ಬದಲಿಸಿ 10 ಮೀಟರ್‌ಗೆ ಹೋದೆ. 28.7 ಮೆಗಾಹರ್ಟ್ಸ್ ಆಸುಪಾಸು ಪೂರ್ತಿ ನಿಶ್ಶಬ್ದ. ಬ್ಯಾಂಡ್ ಸತ್ತಿದೆ ಅಂದುಕೊಂಡೇ ಮೂರು ಸಲ ಸಿಕ್ಯು (ಯಾರಾದರೂ ಉತ್ತರಿಸಿ ಅನ್ನುವ ಕರೆ) ಕರೆದೆ. ನಾಲ್ಕನೇ ಸಲ ಉತ್ತರ ಬಂತು. ಆಮೇಲೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಅರ್ಧ ಗಂಟೆಯಲ್ಲಿ ಬೆಳಗಿನಿಂದ ಆಗಿದ್ದಕ್ಕಿಂತ ಜಾಸ್ತಿ ಆಯಿತು.

ಬ್ಯಾಂಡ್ ಸತ್ತಿರಲಿಲ್ಲ. ಎಲ್ಲರೂ ಕೇಳಿಸಿಕೊಳ್ಳುತ್ತಾ ಕೂತಿದ್ದರು, ಯಾರೂ ಕರೆಯುತ್ತಿರಲಿಲ್ಲ, ಅಷ್ಟೇ. ಅವತ್ತಿನಿಂದ ಕಾಂಟೆಸ್ಟ್ ಆರಿಸುವಾಗ ನಾನು ಮೊದಲು ನೋಡುವುದು ಒಂದನ್ನೇ: ಜನ ಕಡಿಮೆ ಇರುವ ಬ್ಯಾಂಡ್‌ಗೆ ಹೋದವರಿಗೆ ಈ ಕಾಂಟೆಸ್ಟಿನ ನಿಯಮ ಏನಾದರೂ ಕೊಡುತ್ತದಾ? ಕೊಡುವುದಾದರೆ ಸಣ್ಣ ಸ್ಟೇಷನ್ನಿಗೂ ಅಲ್ಲಿ ಮಜಾ ಇದೆ. ಇಲ್ಲದಿದ್ದರೆ ದೊಡ್ಡ ಟವರ್ ಇದ್ದವರ ಆಟವನ್ನು ಪಕ್ಕದಲ್ಲಿ ನಿಂತು ನೋಡಿದ ಹಾಗೆ.

ಮೊದಲು ಅಂಕದ ಲೆಕ್ಕ

ಇದನ್ನು ಬಿಟ್ಟು ಮುಂದೆ ಓದಬೇಡಿ, ಯಾಕಂದ್ರೆ ಉಳಿದ ಆಯ್ಕೆಗಳೆಲ್ಲ ಇದರ ಮೇಲೆ ನಿಂತಿವೆ. ಹೆಚ್ಚಿನ ಕಾಂಟೆಸ್ಟ್‌ಗಳಲ್ಲಿ ಸಂಪರ್ಕದ ಅಂಕಗಳ ಮೊತ್ತವನ್ನು ಮಲ್ಟಿಪ್ಲೈಯರ್‌ಗಳಿಂದ ಗುಣಿಸುತ್ತಾರೆ. ಮಲ್ಟಿಪ್ಲೈಯರ್ ಅಂದರೆ ದೇಶ, ವಲಯ, ಪ್ರಿಫಿಕ್ಸ್ (ಕಾಲ್‌ಸೈನಿನ ಮೊದಲ ಭಾಗ), ಇಲ್ಲವೇ ಗ್ರಿಡ್ (ಭೂಪಟದ ಚೌಕ). ಯಾವುದು ಅನ್ನುವುದು ಆಯಾ ಕಾಂಟೆಸ್ಟಿಗೆ ಬಿಟ್ಟದ್ದು.

ಸಿಕ್ಯು ವರ್ಲ್ಡ್ ವೈಡ್ ಅನ್ನುವ ಕಾಂಟೆಸ್ಟ್ ತೆಗೆದುಕೊಳ್ಳಿ. ಬೇರೆ ಖಂಡದ ಸ್ಟೇಷನ್ ಸಿಕ್ಕರೆ 3 ಅಂಕ. ದೇಶ ಮತ್ತು ವಲಯ ಎರಡೂ ಮಲ್ಟಿಪ್ಲೈಯರ್, ಅದೂ ಪ್ರತಿ ಬ್ಯಾಂಡ್‌ನಲ್ಲಿ ಹೊಸದಾಗಿ. ನಿಮ್ಮ ಲಾಗ್‌ನಲ್ಲಿ ಈಗ 300 ಅಂಕ, 50 ಮಲ್ಟಿಪ್ಲೈಯರ್ ಇವೆ ಅಂದುಕೊಳ್ಳೋಣ. ಸ್ಕೋರು 15,000. 20 ಮೀಟರ್‌ನಲ್ಲೇ ಉಳಿದು, ಆಗಲೇ ಸಿಕ್ಕಿರುವ ದೇಶದ ಇನ್ನೊಬ್ಬರನ್ನು ಹಿಡಿದರೆ 303 ಗುಣಿಸು 50, ಅಂದರೆ 15,150. ಸೇರಿದ್ದು 150. ಅದೇ ಹೊತ್ತಿಗೆ ನೀವಿನ್ನೂ ಕಾಲಿಡದ 10 ಮೀಟರ್‌ಗೆ ಹೋಗಿ ಅದೇ ದೇಶದ ಯಾರನ್ನಾದರೂ ಹಿಡಿದರೆ? ಆ ಬ್ಯಾಂಡ್‌ನಲ್ಲಿ ಅದು ಹೊಸ ದೇಶ, ಹೊಸ ವಲಯ ಕೂಡ. 303 ಗುಣಿಸು 52, ಅಂದರೆ 15,756. ಸೇರಿದ್ದು 756.

ಒಂದು ಸಂಪರ್ಕಕ್ಕೆ ಐದು ಪಟ್ಟು ಬೆಲೆ. ಪವರ್ ಹೆಚ್ಚಿಸಿಲ್ಲ, ಆಂಟೆನಾ ಮುಟ್ಟಿಲ್ಲ, ಬರೀ ಬ್ಯಾಂಡ್ ಗುಂಡಿ ಒತ್ತಿದ್ದೀರಿ. ಆದರೂ ಜನ 20 ಮೀಟರ್‌ಗೆ ಅಂಟಿಕೊಂಡು ಕೂರುತ್ತಾರೆ. ಅಲ್ಲಿ ಗದ್ದಲ ಇದೆ, ಗದ್ದಲ ಇದ್ದಲ್ಲಿ ಏನೋ ನಡೆಯುತ್ತಿದೆ ಅನ್ನಿಸುತ್ತದೆ. ನಾನೂ ಹಾಗೇ ಕೂತಿದ್ದವನು.

ದೊಡ್ಡ ಕಾಂಟೆಸ್ಟ್‌ಗಳಲ್ಲಿ ಯಾವುದು?

ಸಿಕ್ಯು ವರ್ಲ್ಡ್ ವೈಡ್ ಅಕ್ಟೋಬರ್ ಕೊನೆಯ ಪೂರ್ಣ ವಾರಾಂತ್ಯದಲ್ಲಿ ಎಸ್‌ಎಸ್‌ಬಿ (ದನಿ), ನವೆಂಬರ್‌ನದರಲ್ಲಿ ಸಿಡಬ್ಲ್ಯು (ಮೋರ್ಸ್ ಕೋಡ್). 48 ಗಂಟೆ. ಜಗತ್ತಿನ ಎಲ್ಲ ಮೂಲೆಯವರೂ ಅವತ್ತು ಗಾಳಿಯಲ್ಲಿರುತ್ತಾರೆ. ಬೇರೆ ದಿನ ಕೇಳದ ದೇಶಗಳು ಕೇಳುತ್ತವೆ. ದೇಶ ಎಣಿಸುವ ಹುಚ್ಚು ಇರುವವರಿಗೆ ಇದಕ್ಕಿಂತ ಒಳ್ಳೆಯ ಎರಡು ದಿನ ಸಿಗುವುದಿಲ್ಲ. ಒಂದು ಕೊರತೆ ಇದೆ. ಸ್ವಂತ ದೇಶದವರ ಜೊತೆಗಿನ ಸಂಪರ್ಕಕ್ಕೆ ಸೊನ್ನೆ ಅಂಕ, ಮಲ್ಟಿಪ್ಲೈಯರ್ ಮಾತ್ರ ಸಿಗುತ್ತದೆ. ಹಾಗಾಗಿ ದೂರ ಮುಟ್ಟದ ಆಂಟೆನಾ ಇದ್ದವರಿಗೆ ಕಷ್ಟ.

48 ಗಂಟೆ ಅಂದ ತಕ್ಷಣ ಹೆದರಬೇಡಿ. ಅದರಲ್ಲಿ ಕ್ಲಾಸಿಕ್ ಅನ್ನುವ ಉಪವಿಭಾಗ ಇದೆ: ಒಂದೇ ರೇಡಿಯೊ, ಕ್ಲಸ್ಟರ್ (ಯಾರು ಯಾವ ಫ್ರೀಕ್ವೆನ್ಸಿಯಲ್ಲಿದ್ದಾರೆ ಅಂತ ತೋರಿಸುವ ಇಂಟರ್ನೆಟ್ ಪಟ್ಟಿ) ಸಹಾಯ ಇಲ್ಲ, 24 ಗಂಟೆ ಮಾತ್ರ. ಲೈಸೆನ್ಸ್ ಸಿಕ್ಕಿ ಮೂರು ವರ್ಷ ದಾಟದವರಿಗೆ ರೂಕಿ ಅಂತ ಬೇರೆಯೇ ಪಟ್ಟಿ. ಹೊಸಬರು ಲಾಗ್ ಕಳಿಸುವಾಗ ಆ ಒಂದು ಸಾಲು ಹಾಕುವುದನ್ನೇ ಮರೆಯುತ್ತಾರೆ. ಆಮೇಲೆ ಫಲಿತಾಂಶದಲ್ಲಿ ಮೂವತ್ತು ವರ್ಷದ ಅನುಭವಿಗಳ ಕೆಳಗೆ ತಮ್ಮ ಹೆಸರು ನೋಡಿ ಕುಗ್ಗುತ್ತಾರೆ.

ಇದಕ್ಕೆ ಹೋಲಿಸಿದರೆ ಡಬ್ಲ್ಯುಪಿಎಕ್ಸ್ ಅನ್ನುವ ಕಾಂಟೆಸ್ಟ್ ಸಣ್ಣವರಿಗೆ ಹೆಚ್ಚು ದಯೆ ತೋರುತ್ತದೆ. ಎಸ್‌ಎಸ್‌ಬಿ ಮಾರ್ಚ್‌ನಲ್ಲಿ, ಸಿಡಬ್ಲ್ಯು ಮೇ ತಿಂಗಳಲ್ಲಿ. ಇಲ್ಲಿ ಮಲ್ಟಿಪ್ಲೈಯರ್ ಅಂದರೆ ಕಾಲ್‌ಸೈನಿನ ಪ್ರಿಫಿಕ್ಸ್. ಅಂದರೆ ನಿಮ್ಮ ಪ್ರಿಫಿಕ್ಸ್ ಇನ್ನೂ ಸಿಗದ ಯಾರಿಗಾದರೂ ನೀವೇ ಬೇಕಾದವರು! ದೊಡ್ಡ ಸ್ಟೇಷನ್ನಿನವರು ನಿಮ್ಮ ಸಣ್ಣ ದನಿಗೆ ಕಿವಿಗೊಡಲು ಒಂದು ಕಾರಣ ಹುಟ್ಟುತ್ತದೆ. ಸ್ವಂತ ದೇಶದವರಿಗೂ 1 ಅಂಕ ಇದೆ. ಖಾಲಿ ಬ್ಯಾಂಡಿನ ಲೆಕ್ಕ ಇನ್ನೂ ಚೆನ್ನ. ಬೇರೆ ಖಂಡದ ಸಂಪರ್ಕಕ್ಕೆ 20, 15, 10 ಮೀಟರ್‌ನಲ್ಲಿ 3 ಅಂಕ, 40, 80, 160 ಮೀಟರ್‌ನಲ್ಲಿ 6. ಆದರೆ ಪ್ರಿಫಿಕ್ಸ್ ಒಂದು ಸಲ ಮಾತ್ರ ಲೆಕ್ಕ, ಬ್ಯಾಂಡ್ ಬದಲಿಸಿದರೆ ಮತ್ತೆ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಬ್ಯಾಂಡ್ ಬದಲಿಸಬೇಕಾದ್ದು ಮಲ್ಟಿಪ್ಲೈಯರ್‌ಗಾಗಿ ಅಲ್ಲ, ರಾತ್ರಿಯ ಎರಡು ಪಟ್ಟು ಅಂಕಕ್ಕಾಗಿ. ಒಬ್ಬರೇ ಕೂರುವವರಿಗೆ 48ರಲ್ಲಿ 36 ಗಂಟೆಗೆ ಮಿತಿ. ಆ ಮಿತಿಯೇ ನನಗೆ ತುಂಬ ಇಷ್ಟ. ನಿಯಮವೇ ಮಲಗು ಅನ್ನುತ್ತದೆ.

ಖಾಲಿ ಬ್ಯಾಂಡಿಗೆ ಬೆಲೆ ಕಟ್ಟುವುದರಲ್ಲಿ ಎಲ್ಲಕ್ಕಿಂತ ಮುಂದೆ ಇರುವುದು ಜರ್ಮನಿಯ ಹ್ಯಾಮ್ ಸಂಘ ಡಿಎಆರ್‌ಸಿ ನಡೆಸುವ ಡಬ್ಲ್ಯುಎಇ. ಅದರಲ್ಲಿ 80 ಮೀಟರ್‌ನ ಮಲ್ಟಿಪ್ಲೈಯರ್ ನಾಲ್ಕು ಪಟ್ಟು, 40 ಮೀಟರ್‌ನದು ಮೂರು ಪಟ್ಟು, 20, 15, 10ರದು ಎರಡು ಪಟ್ಟು. ನಿಯಮ ಬರೆದವರಿಗೆ ಸಂಕಟ ಗೊತ್ತಿದೆ: ರಾತ್ರಿ ಎಚ್ಚರ ಇರಬೇಕು, ಆಂಟೆನಾ ಉದ್ದ ಬೇಕು, ಸಿಡಿಲಿನ ಕರಕರ ಸಹಿಸಬೇಕು. ಅದಕ್ಕೆ ತಕ್ಕ ಕೂಲಿ ಕೊಟ್ಟಿದ್ದಾರೆ. ಜೊತೆಗೆ ಕ್ಯುಟಿಸಿ ಅಂತ ಒಂದಿದೆ. ಮೊದಲು ಮಾಡಿದ ಸಂಪರ್ಕಗಳ ವಿವರವನ್ನು ಯುರೋಪಿನ ಹೊರಗಿನವರು ಯುರೋಪಿನವರಿಗೆ ಓದಿ ಹೇಳುತ್ತಾರೆ, ಒಂದೊಂದಕ್ಕೂ ಅಂಕ. ಬ್ಯಾಂಡ್ ಮಂಕಾದ ಹೊತ್ತಿನಲ್ಲೂ ಕೈಗೆ ಕೆಲಸ ಇರುತ್ತದೆ. ಸಿಡಬ್ಲ್ಯು ಮತ್ತು ಎಸ್‌ಎಸ್‌ಬಿಯಲ್ಲಿ ಇದು ಯುರೋಪು ಮತ್ತು ಯುರೋಪಿನ ಹೊರಗಿನವರ ನಡುವಿನ ಆಟ ಅನ್ನುವುದು ನೆನಪಿರಲಿ. ಮೊದಲ ಸಲ ಕ್ಯುಟಿಸಿ ಕೊಡುವಾಗ ನಾಲಿಗೆ ತೊದಲುತ್ತದೆ. ಸಿದ್ಧವಾಗಿರಿ.

ಜಪಾನಿನ ಹ್ಯಾಮ್ ಸಂಘ ಜೆಎಆರ್‌ಎಲ್ ನಡೆಸುವ ಆಲ್ ಏಷ್ಯನ್‌ನಲ್ಲೂ 160 ಮೀಟರ್‌ಗೆ ಎಲ್ಲಕ್ಕಿಂತ ಹೆಚ್ಚು ಅಂಕ, ಆಮೇಲೆ 80 ಮತ್ತು 10. ಅಲ್ಲಿ ವಿನಿಮಯ ಮಾಡುವುದು ಆಪರೇಟರ್‌ನ ವಯಸ್ಸು. 59 ಅನ್ನುವ ಸಿಗ್ನಲ್ ವರದಿ ಆದ ಮೇಲೆ ಯಾರಾದರೂ 88 ಅಂದರೆ ಕೂತಲ್ಲೇ ಬೆನ್ನು ನೆಟ್ಟಗಾಗುತ್ತದೆ. ಹೆಂಗಸರು ಬೇಕಿದ್ದರೆ 00 ಅನ್ನಬಹುದು.

ಒಂದು ಗಂಟೆ ಸಾಕು ಅನ್ನುವವರಿಗೆ

ಮನೆಯಲ್ಲಿ ಮಕ್ಕಳಿದ್ದರೆ, ಭಾನುವಾರ ಬೇರೆ ಕೆಲಸ ಇದ್ದರೆ 48 ಗಂಟೆಯ ಮಾತೇ ಬೇಡ. ಸಿಡಬ್ಲ್ಯು ಬರುವವರಿಗೆ ಸಿಡಬ್ಲ್ಯುಆಪ್ಸ್ ಕ್ಲಬ್ಬಿನ ಮಿನಿ ಟೆಸ್ಟ್ ಇದೆ. ವಾರವಾರವೂ ಬುಧವಾರ 13 ಮತ್ತು 19 ಯುಟಿಸಿಗೆ (ಜಾಗತಿಕ ಸಮಯ), ಗುರುವಾರ 03 ಮತ್ತು 07 ಯುಟಿಸಿಗೆ, ಒಂದೊಂದು ಗಂಟೆ. ಹೆಸರು ಮತ್ತು ಸದಸ್ಯ ಸಂಖ್ಯೆ ಹೇಳಿದರೆ ಮುಗಿಯಿತು. ಸದಸ್ಯರಲ್ಲದವರೂ ಆಡಬಹುದು. ಎರಡು ಮೂರು ವಾರ ಕಳೆದರೆ ಎದುರಿನವರ ಹೆಸರು ನಿಮಗೆ ಬಾಯಿಪಾಠ, ನಿಮ್ಮದು ಅವರಿಗೆ. ದೊಡ್ಡ ಕಾಂಟೆಸ್ಟ್‌ನಲ್ಲಿ ಈ ಆಪ್ತತೆ ಸಿಗುವುದಿಲ್ಲ. ಆದರೆ ವೇಗ ಜಾಸ್ತಿ, ನಿಮಿಷಕ್ಕೆ 25–30 ಪದ ಸಾಮಾನ್ಯ. ಅಷ್ಟು ಬಾರದವರಿಗೆ ಕೆ1ಯುಎಸ್‌ಎನ್ ಕ್ಲಬ್ಬಿನ ನಿಧಾನದ ಟೆಸ್ಟ್ ಇದೆ, ಶುಕ್ರವಾರ 20 ಯುಟಿಸಿಗೆ ಮತ್ತು ಸೋಮವಾರ 00 ಯುಟಿಸಿಗೆ. 20 ಪದ ದಾಟಬಾರದು ಅನ್ನುವುದೇ ಅಲ್ಲಿನ ಮರ್ಯಾದೆ.

ಸ್ಪ್ರಿಂಟ್ ಅನ್ನುವ ಜಾತಿಯ ಕಾಂಟೆಸ್ಟ್‌ಗಳು ಬೇರೆ ತರಹ. ನೀವು ಸಿಕ್ಯು ಕರೆದು ಒಬ್ಬರು ಸಿಕ್ಕರೆ ಆ ಫ್ರೀಕ್ವೆನ್ಸಿಯನ್ನು ಅವರಿಗೆ ಬಿಟ್ಟು ಬೇರೆ ಕಡೆ ಹೋಗಬೇಕು. ಜಾಗ ಹಿಡಿದು ಕೂರುವ ಆಟವೇ ಇಲ್ಲ. ಕಿಲೋವ್ಯಾಟ್ ಇದ್ದವರೂ ನಿಮ್ಮ ಹಾಗೆ ಅಲೆಯಬೇಕು. ನನ್ನ ಮಟ್ಟಿಗೆ ಕಾಂಟೆಸ್ಟ್ ಕಲಿಯಲು ಇದಕ್ಕಿಂತ ಕಠಿಣವಾದ, ಇದಕ್ಕಿಂತ ನ್ಯಾಯವಾದ ಶಾಲೆ ಇಲ್ಲ. ಆದರೆ ಮೊದಲ ಕಾಂಟೆಸ್ಟ್ ಆಗಿ ಇದನ್ನು ಯಾರಿಗೂ ಹೇಳುವುದಿಲ್ಲ. ತಲೆ ತಿರುಗುತ್ತದೆ.

ದನಿಯೋ, ಕೀಯೋ, ಕಂಪ್ಯೂಟರೋ?

ಇದನ್ನು ಧರ್ಮಯುದ್ಧ ಮಾಡಿಕೊಳ್ಳುವವರಿದ್ದಾರೆ. ನನಗೆ ಆ ಉಮೇದಿಲ್ಲ. ಎಸ್‌ಎಸ್‌ಬಿಯಲ್ಲಿ ಕಲಿಯುವುದು ಕಡಿಮೆ, ಆದರೆ ಸಣ್ಣ ಸ್ಟೇಷನ್ನಿಗೆ ಗುಂಪಿನಲ್ಲಿ ದನಿ ಮುಟ್ಟಿಸುವುದು ಎಲ್ಲಕ್ಕಿಂತ ಕಷ್ಟ. ಅದೇ ನೂರು ವ್ಯಾಟ್ ಸಿಡಬ್ಲ್ಯುನಲ್ಲಿ ಬಹಳ ದೂರ ಹೋಗುತ್ತದೆ. ಎಸ್‌ಎಸ್‌ಬಿ ಸುಮಾರು ಎರಡೂವರೆ ಕಿಲೋಹರ್ಟ್ಸ್ ಅಗಲಕ್ಕೆ ಹರಡುವ ಶಕ್ತಿಯನ್ನು ಸಿಡಬ್ಲ್ಯು ಸಣ್ಣ ಸಂದಿನಲ್ಲಿ ತೂರಿಸುತ್ತದೆ.

ಕಂಪ್ಯೂಟರ್ ನಡೆಸುವ ಎಫ್‌ಟಿ8 ಇನ್ನೂ ಮುಂದೆ. 2017ರಲ್ಲಿ ಬಂದದ್ದು. ಸ್ಟೀವ್ ಫ್ರಾಂಕೆ ಮತ್ತು ಭೌತವಿಜ್ಞಾನದಲ್ಲಿ ನೊಬೆಲ್ ಪಡೆದ ಜೋ ಟೇಲರ್ ಸೇರಿ ಮಾಡಿದ್ದು. ಒಂದು ಸರದಿಗೆ 15 ಸೆಕೆಂಡು, ಸಿಗ್ನಲ್‌ನ ಅಗಲ ಬರೀ 50 ಹರ್ಟ್ಸ್, ಕಿವಿಗೆ ಕೇಳದ್ದನ್ನೂ ಓದುತ್ತದೆ. ಕಾಂಟೆಸ್ಟ್‌ಗೆಂದೇ 2019ರಲ್ಲಿ ಬಂದ ಎಫ್‌ಟಿ4ನ ಸರದಿ 7.5 ಸೆಕೆಂಡು. ಬಾಲ್ಕನಿಯ ತಂತಿಯಲ್ಲಿ, ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸದೆ ಕಾಂಟೆಸ್ಟ್ ಮಾಡಬೇಕಾ? ಇದೇ ಸರಿ. ಆಗಸ್ಟ್ ಕೊನೆಯ ಪೂರ್ಣ ವಾರಾಂತ್ಯದ ವರ್ಲ್ಡ್ ವೈಡ್ ಡಿಜಿ 24 ಗಂಟೆಯದು. ಪ್ರತಿ ಸಂಪರ್ಕಕ್ಕೆ 1 ಅಂಕ, ಪ್ರತಿ 3,000 ಕಿಲೋಮೀಟರ್ ದೂರಕ್ಕೆ ಇನ್ನೊಂದು. ಗ್ರಿಡ್ ಫೀಲ್ಡ್‌ಗಳು (ಭೂಪಟದ ದೊಡ್ಡ ಚೌಕಗಳು) ಬ್ಯಾಂಡ್‌ಬ್ಯಾಂಡಿಗೂ ಬೇರೆ ಮಲ್ಟಿಪ್ಲೈಯರ್. ಅಲ್ಲೂ ನಮ್ಮ ಐದು ಪಟ್ಟಿನ ಲೆಕ್ಕದ ತರ್ಕವೇ ನಡೆಯುತ್ತದೆ.

ನನ್ನ ತಕರಾರು ಒಂದೇ. ಮೌಸ್ ಒತ್ತುತ್ತಾ ಎರಡು ಗಂಟೆ ಕಳೆದ ಮೇಲೆ ಯಾರ ಜೊತೆ ಮಾತಾಡಿದೆ ಅಂತ ನೆನಪೇ ಇರುವುದಿಲ್ಲ. ಅದು ನಿಮಗೆ ತೊಂದರೆ ಅನ್ನಿಸದಿದ್ದರೆ ಧಾರಾಳವಾಗಿ ಮಾಡಿ.

ಯಾವ ಬ್ಯಾಂಡ್?

10 ಮೀಟರ್‌ನಿಂದ ಶುರು ಮಾಡುತ್ತೇನೆ. ಇಷ್ಟು ಜಾಗ ಇದ್ದೂ ಇಷ್ಟು ಕಡಿಮೆ ಬಳಕೆಯಾಗುವ ಬ್ಯಾಂಡ್ ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್) ಇನ್ನೊಂದಿಲ್ಲ. 28.0ರಿಂದ 29.7 ಮೆಗಾಹರ್ಟ್ಸ್, ಅಂದರೆ 1,700 ಕಿಲೋಹರ್ಟ್ಸ್. 20 ಮೀಟರ್ ಬ್ಯಾಂಡ್ ಬರೀ 350, 15 ಮೀಟರ್ 450, 40 ಮೀಟರ್ ದೇಶವನ್ನು ನೋಡಿಕೊಂಡು 200ರಿಂದ 300. ಆ ಮೂರನ್ನೂ ಸೇರಿಸಿದರೂ 10 ಮೀಟರ್‌ನಷ್ಟು ಆಗುವುದಿಲ್ಲ. ಆದರೂ ಕಾಂಟೆಸ್ಟ್ ದಿನ ಎಲ್ಲರೂ 28.3 ಮತ್ತು 28.6ರ ನಡುವೆ ಒಬ್ಬರ ಮೇಲೊಬ್ಬರು. ಸ್ವಲ್ಪ ಮೇಲೆ ಹೋಗಿ. ಕಾಲು ಚಾಚಿ ಕೂರುವಷ್ಟು ಜಾಗ ಇದೆ. 29.3ರಿಂದ ಮೇಲಕ್ಕೆ ಮಾತ್ರ ಹೋಗಬೇಡಿ, ಅಲ್ಲಿ ಉಪಗ್ರಹಗಳ ಡೌನ್‌ಲಿಂಕ್ ಇರುತ್ತದೆ. 29.6 ಎಫ್‌ಎಂ ಕರೆಯ ಜಾಗ.

ಆಂಟೆನಾ ವಿಷಯದಲ್ಲೂ 10 ಮೀಟರ್ ಬಡವರ ಬಂಧು. ಅರ್ಧ ತರಂಗದ ಡೈಪೋಲ್‌ನ ಉದ್ದ ಬೇಕಿದ್ದರೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಮೀಟರ್‌ನಲ್ಲಿ ಉತ್ತರ ಬರುತ್ತದೆ. 28.5ಕ್ಕೆ ಸುಮಾರು 5 ಮೀಟರ್. ಅದನ್ನು ಐದು ಮೀಟರ್ ಎತ್ತರಕ್ಕೆ ಏರಿಸಿದರೆ ಆಗಲೇ ಅರ್ಧ ತರಂಗದಷ್ಟು ಎತ್ತರದಲ್ಲಿದೆ. ಇದೇ ಮಾತನ್ನು 80 ಮೀಟರ್‌ಗೆ ಹೇಳಬೇಕಾದರೆ 40 ಮೀಟರ್ ಎತ್ತರದ ಕಂಬ ಬೇಕು!

ಕೊರತೆ ಏನು ಅಂದರೆ ಸೂರ್ಯ. 25ನೇ ಸೌರಚಕ್ರ 2019ರ ಡಿಸೆಂಬರ್‌ನಲ್ಲಿ ಶುರುವಾಗಿ 2024ರಲ್ಲಿ ತುದಿ ಮುಟ್ಟಿತು. ಒಂದು ಚಕ್ರ ಸುಮಾರು 11 ವರ್ಷ. ಸೌರಕಲೆಗಳು ಕಡಿಮೆಯಾದ ಹಾಗೆ 10 ಮೀಟರ್‌ನ ದೂರದ ದಾರಿಗಳು ಮುಚ್ಚುತ್ತಾ ಬರುತ್ತವೆ. ಪೂರ್ತಿ ಅಲ್ಲ. ಬೇಸಿಗೆಯಲ್ಲಿ ನೂರು ಕಿಲೋಮೀಟರ್ ಎತ್ತರದ ಆಸುಪಾಸು ಸ್ಪೊರಾಡಿಕ್-ಇ ಅನ್ನುವ ತೇಪೆಗಳು ಹುಟ್ಟುತ್ತವೆ. ಅವು ಸೌರಚಕ್ರವನ್ನು ಅಷ್ಟಾಗಿ ಕೇಳುವುದಿಲ್ಲ. ಒಂದು ನೆಗೆತಕ್ಕೆ ಎರಡು ಸಾವಿರ ಕಿಲೋಮೀಟರ್ ತನಕ ಮುಟ್ಟಿಸುತ್ತವೆ.

10 ಮೀಟರ್ ಒಂದನ್ನೇ ಆರಿಸಿ ಸಿಂಗಲ್ ಬ್ಯಾಂಡ್ ವಿಭಾಗದಲ್ಲಿ ಆಡುವುದರ ದೊಡ್ಡ ಲಾಭ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ: ಕತ್ತಲಾದ ಮೇಲೆ ಸ್ವಲ್ಪ ಹೊತ್ತಿಗೆ ಬ್ಯಾಂಡ್ ಮುಚ್ಚುತ್ತದೆ, ನೀವು ನಿದ್ದೆ ಮಾಡಬಹುದು. ಡಿಸೆಂಬರ್ ಎರಡನೇ ಪೂರ್ಣ ವಾರಾಂತ್ಯದಲ್ಲಿ ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್‌ನ 10 ಮೀಟರ್ ಕಾಂಟೆಸ್ಟ್ ಇದೆ, ಅಲ್ಲಿ ಎಲ್ಲರೂ ಈ ಒಂದೇ ಬ್ಯಾಂಡ್‌ನಲ್ಲಿ. ಫೋನ್ ಸಂಪರ್ಕಕ್ಕೆ 2 ಅಂಕ, ಸಿಡಬ್ಲ್ಯುಗೆ 4.

160 ಮೀಟರ್ ಇದಕ್ಕೆ ಪೂರ್ತಿ ವಿರುದ್ಧ. ಹಗಲಲ್ಲಿ ಅಯಾನುಗೋಳದ ಡಿ ಪದರ ಸಿಗ್ನಲ್ಲನ್ನು ನುಂಗಿಬಿಡುತ್ತದೆ, ಸುತ್ತಮುತ್ತಲಿನವರು ಬಿಟ್ಟರೆ ಯಾರೂ ಸಿಗುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಜೀವ ಬರುತ್ತದೆ. ಡೈಪೋಲ್ ಅಂದರೆ 78 ಮೀಟರ್ ತಂತಿ, ಎಲ್ಲರಿಗೂ ಆಗುವ ಮಾತಲ್ಲ. ಹಾಗಾಗಿ ಹೆಚ್ಚಿನವರು ಕಾಲು ತರಂಗದ, ಅಂದರೆ 40 ಮೀಟರ್ ಆಸುಪಾಸಿನ ತಂತಿಯನ್ನು ಆದಷ್ಟು ನೇರ ಮೇಲಕ್ಕೆ ಎಳೆದು ಉಳಿದದ್ದನ್ನು ಅಡ್ಡ ಬಾಗಿಸುತ್ತಾರೆ. ಇನ್ವರ್ಟೆಡ್-ಎಲ್ ಅಂದರೆ ಅದೇ. ಕೆಳಗೆ ನೆಲದ ಮೇಲೆ ರೇಡಿಯಲ್ ತಂತಿಗಳು ಬೇಕೇ ಬೇಕು. ಅದರಲ್ಲಿ ಜಿಪುಣತನ ಮಾಡಿದರೆ ಪವರ್ ಎಲ್ಲಾ ಮಣ್ಣು ಬಿಸಿ ಮಾಡಲು ಹೋಗುತ್ತದೆ. ಕಳಿಸುವುದಕ್ಕಿಂತ ಕೇಳಿಸಿಕೊಳ್ಳುವುದು ಕಷ್ಟ: ಮನೆಯ ಎಲ್‌ಇಡಿ ದೀಪದಿಂದ ಹಿಡಿದು ಚಾರ್ಜರ್ ತನಕ ಎಲ್ಲವೂ ಇಲ್ಲಿ ಗೊರಗುಟ್ಟುತ್ತವೆ. ಬೇರೆಯದೇ ಒಂದು ಸಣ್ಣ ಲೂಪ್ ಆಂಟೆನಾವನ್ನು ಕೇಳುವುದಕ್ಕೆಂದೇ ಇಟ್ಟುಕೊಂಡು, ಗದ್ದಲ ಬರುವ ದಿಕ್ಕಿಗೆ ಅದರ ಕಿವುಡು ಬದಿ ತಿರುಗಿಸಿದರೆ ಜಗತ್ತೇ ಬದಲಾಗುತ್ತದೆ.

ಇಷ್ಟೆಲ್ಲ ಯಾಕೆ ಅಂತೀರಾ? ಸ್ಟ್ಯೂ ಪೆರಿ ಟಾಪ್‌ಬ್ಯಾಂಡ್ ಚಾಲೆಂಜ್‌ಗೆ ಒಂದು ಸಲ ಕೂತು ನೋಡಿ. ಡಿಸೆಂಬರ್ ಕೊನೆಯಲ್ಲಿ ಬರುತ್ತದೆ. ಅಲ್ಲಿ ದೇಶದ ಲೆಕ್ಕ ಇಲ್ಲ, ದೂರದ ಲೆಕ್ಕ: ಸಂಪರ್ಕಕ್ಕೆ 1 ಅಂಕ, ಪ್ರತಿ 500 ಕಿಲೋಮೀಟರ್‌ಗೆ ಇನ್ನೊಂದು. ಜನ ಕಡಿಮೆ ಇರುವ ಮೂಲೆಯಲ್ಲಿ ಕೂತವರಿಗೆ ಬೇರೆ ಕಾಂಟೆಸ್ಟ್‌ಗಳಲ್ಲಿ ಆಗುವ ಅನ್ಯಾಯ ಇಲ್ಲಿ ತಿರುವುಮುರುವು. ನೀವು ದೂರ ಇದ್ದೀರಿ ಅನ್ನುವುದೇ ನಿಮ್ಮ ಬಂಡವಾಳ. ಬೆಳಗಿನ ಜಾವ ಬೆಳಕು ಹರಿಯುವ ಹತ್ತಿಪ್ಪತ್ತು ನಿಮಿಷ ದೂರದ ಸಿಗ್ನಲ್ ಒಮ್ಮೆಲೇ ಏಳುತ್ತದೆ, ಆಮೇಲೆ ದೀಪ ಆರಿದ ಹಾಗೆ ಹೋಗುತ್ತದೆ. ಆ ಹತ್ತು ನಿಮಿಷಕ್ಕಾಗಿ ರಾತ್ರಿಯೆಲ್ಲ ಕೂತವರನ್ನು ನೋಡಿ ನಗುತ್ತಿದ್ದೆ. ಈಗ ನಗುವುದಿಲ್ಲ.

6 ಮೀಟರ್‌ಗೆ ಮ್ಯಾಜಿಕ್ ಬ್ಯಾಂಡ್ ಅಂತ ಹೆಸರು. ಮ್ಯಾಜಿಕ್ಕೇನೋ ನಿಜ, ಆದರೆ ಜಾದೂಗಾರ ಯಾವಾಗ ಬರುತ್ತಾನೆ ಅಂತ ಹೇಳುವವರಿಲ್ಲ. ಉತ್ತರ ಗೋಳಾರ್ಧದಲ್ಲಿ ಮೇಯಿಂದ ಆಗಸ್ಟ್ ತನಕ ಸ್ಪೊರಾಡಿಕ್-ಇ ಕಾಲ. ಭೂಕಾಂತೀಯ ಸಮಭಾಜಕದ ಎರಡೂ ಬದಿಯವರಿಗೆ ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ಸಂಜೆಗಳಲ್ಲಿ ಸಮಭಾಜಕ ದಾಟುವ ವಿಶೇಷ ದಾರಿಯೊಂದು ತೆರೆಯುತ್ತದೆ. ಡೈಪೋಲ್ ಮೂರು ಮೀಟರಿಗೂ ಕಡಿಮೆ. ತುಂಬ ದೇಶಗಳಲ್ಲಿ 50ರಿಂದ 54 ಮೆಗಾಹರ್ಟ್ಸ್ ತನಕ ಅನುಮತಿ ಇದೆ. ನಾಲ್ಕು ಮೆಗಾಹರ್ಟ್ಸ್! ಈಗ ಅಲ್ಲಿ ಆಗುತ್ತಿರುವುದೇನು? ಎಲ್ಲರೂ 50.313ರ ಎಫ್‌ಟಿ8ನ ಮೂರು ಕಿಲೋಹರ್ಟ್ಸ್‌ನಲ್ಲಿ ತುಂಬಿಕೊಂಡಿದ್ದಾರೆ. ಪರದೆಯ ಮೇಲೆ ಪ್ಲಸ್ 10 ಡೆಸಿಬೆಲ್ ಅಂತ ಬರುವ ಸಿಗ್ನಲ್ ದನಿಗೂ ಧಾರಾಳ ಸಾಕು. ಅಂಥ ಹೊತ್ತಲ್ಲಿ 50.150 ಹತ್ತಿರ ಹೋಗಿ ಎಸ್‌ಎಸ್‌ಬಿಯಲ್ಲಿ ಕರೆಯಿರಿ. ಮೊದಲು ಯಾರೂ ಬರುವುದಿಲ್ಲ. ಒಬ್ಬರು ಬಂದ ಮೇಲೆ ನಿಲ್ಲುವುದಿಲ್ಲ. 50.110 ಮಾತ್ರ ದೂರದ ಕರೆಗೆ ಬಿಟ್ಟ ಜಾಗ, ಅಲ್ಲಿ ಕಾಂಟೆಸ್ಟ್ ಅಂಗಡಿ ಹಾಕಬೇಡಿ.

ಜುಲೈನ ಸಿಕ್ಯು ವಿಎಚ್‌ಎಫ್ (30 ಮೆಗಾಹರ್ಟ್ಸ್‌ಗಿಂತ ಮೇಲಿನ ಬ್ಯಾಂಡ್‌ಗಳು) ಕಾಂಟೆಸ್ಟ್ 6 ಮತ್ತು 2 ಮೀಟರ್ ಎರಡರಲ್ಲೇ ನಡೆಯುತ್ತದೆ. ಮೊದಲ ಸಲದ ವಿಎಚ್‌ಎಫ್ ಕಾಂಟೆಸ್ಟ್‌ಗೆ ಅದು ಸರಿಯಾದ ಅಳತೆ.

2 ಮೀಟರ್‌ನಲ್ಲಿ ಹ್ಯಾಂಡ್‌ಹೆಲ್ಡ್ ಹಿಡಿದು ರಿಪೀಟರ್‌ನಲ್ಲಿ (ಸಿಗ್ನಲ್ಲನ್ನು ಹಿಡಿದು ಮತ್ತೆ ಕಳಿಸುವ ಸ್ಟೇಷನ್) ಮಾತಾಡಿ ಬೇಸರವಾದವರಿಗೆ ಎಸ್‌ಎಸ್‌ಬಿ ಬೇರೆಯೇ ಲೋಕ. ಒಂದು ಎಚ್ಚರ: ಎಫ್‌ಎಂನವರ ಆಂಟೆನಾ ನೆಟ್ಟಗೆ, ಎಸ್‌ಎಸ್‌ಬಿಯವರದು ಅಡ್ಡ. ಇದು ತಪ್ಪಿದರೆ 20 ಡೆಸಿಬೆಲ್‌ನಷ್ಟು ಕಳೆದುಕೊಳ್ಳಬಹುದು. ಆಮೇಲೆ ಬ್ಯಾಂಡ್ ಸರಿಯಿಲ್ಲ ಅಂತ ಬೈದರೆ ಏನು ಪ್ರಯೋಜನ? ಯುರೋಪಿನ ವಿಎಚ್‌ಎಫ್ ಕಾಂಟೆಸ್ಟ್‌ಗಳಲ್ಲಿ ಒಂದು ಕಿಲೋಮೀಟರ್‌ಗೆ ಒಂದು ಅಂಕ. ಹಾಗಾಗಿ ಬೆಟ್ಟ ಹತ್ತುವುದು ಪವರ್ ಹೆಚ್ಚಿಸುವುದಕ್ಕಿಂತ ಲಾಭ. ಅಮೆರಿಕದ ಕಾಂಟೆಸ್ಟ್‌ಗಳಲ್ಲಿ ರೋವರ್ ಅಂತ ವಿಭಾಗ ಇದೆ. ಕಾರಿನಲ್ಲಿ ಗ್ರಿಡ್‌ನಿಂದ ಗ್ರಿಡ್‌ಗೆ ಓಡಿದ ಹಾಗೆ ನೀವು ಮತ್ತೆ ಮತ್ತೆ ಹೊಸಬರಾಗುತ್ತೀರಿ.

15 ಮತ್ತು 80ರ ಬಗ್ಗೆ ಹೆಚ್ಚು ಹೇಳುವುದಿಲ್ಲ. 40 ಮೀಟರ್ ಡೈಪೋಲ್ ಇದ್ದವರಿಗೆ 15 ಪುಕ್ಕಟೆ: 7.05ನ್ನು ಮೂರರಿಂದ ಗುಣಿಸಿದರೆ 21.15, ಅದೇ ತಂತಿ ಟ್ಯೂನರ್‌ನ ಸಣ್ಣ ಸಹಾಯದಲ್ಲಿ ನಡೆಯುತ್ತದೆ. 80 ಮೀಟರ್ ರಾತ್ರಿ ಹತ್ತಿರದವರಿಗೆ ಚೆನ್ನ, ಡಬ್ಲ್ಯುಎಇ ದಿನ ಬಂಗಾರ.

30, 17, 12 ಮೀಟರ್: ಇಲ್ಲಿ ಕಾಂಟೆಸ್ಟ್ ಬೇಡ

ಖಾಲಿ ಬ್ಯಾಂಡ್ ಅಂದ ತಕ್ಷಣ ಯಾರಾದರೂ ಕೇಳಿಯೇ ಕೇಳುತ್ತಾರೆ: ಈ ಮೂರನ್ನು ಯಾಕೆ ಕಾಂಟೆಸ್ಟ್‌ಗೆ ತೆರೆಯಬಾರದು? 1979ರಲ್ಲಿ ಜಿನೀವಾದಲ್ಲಿ ನಡೆದ ವಾರ್ಕ್ ಅನ್ನುವ ಜಾಗತಿಕ ರೇಡಿಯೊ ಸಮ್ಮೇಳನದಲ್ಲಿ ಹವ್ಯಾಸಿಗಳಿಗೆ ಸಿಕ್ಕ ಬ್ಯಾಂಡ್‌ಗಳಿವು. ಶುರುವಿನಿಂದಲೂ ಇಲ್ಲಿ ಕಾಂಟೆಸ್ಟ್ ಇಲ್ಲ ಅನ್ನುವುದು ಎಲ್ಲರೂ ಪಾಲಿಸಿಕೊಂಡು ಬಂದ ಒಪ್ಪಂದ. ನನ್ನ ಉತ್ತರ ಖಡಾಖಂಡಿತ: ಹಾಗೇ ಇರಲಿ. 30 ಮೀಟರ್ ಬರೀ 50 ಕಿಲೋಹರ್ಟ್ಸ್, ಅದೂ ನಾವು ಅಲ್ಲಿ ಎರಡನೇ ದರ್ಜೆಯ ಬಳಕೆದಾರರು. 17 ಮತ್ತು 12 ತಲಾ 100. ಒಂದು ಕಾಂಟೆಸ್ಟ್ ಬಂದರೆ ಅರ್ಧ ಗಂಟೆಯಲ್ಲಿ ತುಂಬಿಹೋಗುತ್ತವೆ. ಕಾಂಟೆಸ್ಟ್ ಇಷ್ಟವಿಲ್ಲದವರಿಗೆ ವಾರಾಂತ್ಯದಲ್ಲಿ ಉಸಿರಾಡಲು ಒಂದು ಜಾಗ ಬೇಡವಾ? ನಮ್ಮ ಗದ್ದಲಕ್ಕೆ ಬೈಯುವವರು ಅಲ್ಲಿ ನೆಮ್ಮದಿಯಾಗಿದ್ದರೆ ನಮಗೂ ಒಳ್ಳೆಯದೇ. 60 ಮೀಟರ್‌ಗೂ ಇದೇ ಮಾತು. 2015ರ ಜಾಗತಿಕ ಸಮ್ಮೇಳನ ಕೊಟ್ಟದ್ದು 15 ಕಿಲೋಹರ್ಟ್ಸ್ ಮಾತ್ರ.

ಹಾಗಂತ ಅವನ್ನು ಬಳಸಬೇಡಿ ಅಂತಲ್ಲ. ಬೆಟ್ಟ ಹತ್ತಿ ಆಡುವ ಸೋಟಾ, ಉದ್ಯಾನಗಳಿಂದ ಆಡುವ ಪೋಟಾ ಕಾಂಟೆಸ್ಟ್‌ಗಳಲ್ಲ, ಹಾಗಾಗಿ ಈ ಬ್ಯಾಂಡ್‌ಗಳಲ್ಲಿ ನಡೆಯುತ್ತವೆ. ಸೋಟಾಗೆ ನಾಲ್ಕು ಸಂಪರ್ಕ, ಪೋಟಾಗೆ ಹತ್ತು ಸಾಕು. ದೊಡ್ಡ ಕಾಂಟೆಸ್ಟ್ ದಿನ 20 ಮೀಟರ್‌ನಲ್ಲಿ ಐದು ವ್ಯಾಟ್ ಹಿಡಿದು ಒದ್ದಾಡುವ ಬದಲು 17ಕ್ಕೆ ಬನ್ನಿ. ಹರಟೆಗೂ ಜನ ಸಿಗುತ್ತಾರೆ.

ಖಾಲಿಯೋ, ಮುಚ್ಚಿದೆಯೋ?

ಇದೊಂದು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಮೇಲಿನ ಸಲಹೆಗಳೆಲ್ಲ ಕೆಲಸ ಮಾಡುತ್ತವೆ. ಸುಲಭದ ದಾರಿ ಬೀಕನ್‌ಗಳು, ಅಂದರೆ ತಾವಾಗಿಯೇ ಸಿಗ್ನಲ್ ಕಳಿಸುತ್ತಿರುವ ಸ್ಟೇಷನ್‌ಗಳು. ಎನ್‌ಸಿಡಿಎಕ್ಸ್‌ಎಫ್ ಮತ್ತು ಐಎಆರ್‌ಯು ಅನ್ನುವ ಹ್ಯಾಮ್ ಸಂಸ್ಥೆಗಳು ಜೊತೆಯಾಗಿ ಜಗತ್ತಿನ ಸುತ್ತ 18 ಬೀಕನ್‌ಗಳ ಜಾಲ ಕಟ್ಟಿವೆ. 14.100, 18.110, 21.150, 24.930, 28.200 ಮೆಗಾಹರ್ಟ್ಸ್‌ಗಳಲ್ಲಿ ಸರದಿಯ ಪ್ರಕಾರ ಒಂದೊಂದು 10 ಸೆಕೆಂಡು. ಮೂರು ನಿಮಿಷಕ್ಕೆ ಒಂದು ಸುತ್ತು ಮುಗಿಯುತ್ತದೆ. ಕಾಲ್‌ಸೈನ್ ಕಳಿಸಿದ ಮೇಲೆ ನಾಲ್ಕು ಉದ್ದ ಗೆರೆ: ಮೊದಲನೆಯದು 100 ವ್ಯಾಟ್, ಆಮೇಲೆ 10, 1, ಕೊನೆಗೆ 0.1. ಎರಡನೇ ಗೆರೆ ಕಿವಿಗೆ ಬಿದ್ದರೆ ಆ ದಿಕ್ಕಿಗೆ ನಿಮ್ಮ ನೂರು ವ್ಯಾಟ್ ಆರಾಮಾಗಿ ಹೋಗುತ್ತದೆ. ನಾಲ್ಕನೆಯದೂ ಕೇಳಿದರೆ ಕುರ್ಚಿ ಬಿಟ್ಟು ಏಳಬೇಡಿ. ಸಿಡಬ್ಲ್ಯು ಬಾರದವರೂ ಗಡಿಯಾರ ನೋಡಿಕೊಂಡು ಯಾವ ಬೀಕನ್ ಅಂತ ಹೇಳಬಹುದು, ಸರದಿ ಮೊದಲೇ ಗೊತ್ತಿರುತ್ತದಲ್ಲ.

28.200ರಲ್ಲಿ ಬೀಕನ್ ಕೇಳುತ್ತಿದೆ, 28.5ರಲ್ಲಿ ಯಾರೂ ಇಲ್ಲ. ಇದೇ ನೀವು ಹುಡುಕುತ್ತಿದ್ದ ಹೊತ್ತು. ಸಿಕ್ಯು ಕರೆಯಿರಿ, ಒಂದೆರಡು ಸಲಕ್ಕೆ ಬಿಡಬೇಡಿ. ಕ್ಲಸ್ಟರ್‌ನಲ್ಲಿ ಒಬ್ಬರು ನಿಮ್ಮನ್ನು ಹಾಕಿದರೆ ಆಮೇಲೆ ಬರುವವರನ್ನು ಸಂಭಾಳಿಸುವುದೇ ಕೆಲಸ. ಸಿಡಬ್ಲ್ಯುನಲ್ಲಾದರೆ ಅದಕ್ಕೂ ಕಾಯಬೇಕಿಲ್ಲ. ರಿವರ್ಸ್ ಬೀಕನ್ ನೆಟ್‌ವರ್ಕ್‌ನ ಯಂತ್ರಗಳು ನಿಮ್ಮ ಸಿಕ್ಯು ಕೇಳಿದ ಸ್ವಲ್ಪ ಹೊತ್ತಿನಲ್ಲೇ ಊರಿಗೆಲ್ಲ ಸಾರುತ್ತವೆ.

ಯಾರಿಗೆ ಯಾವುದು?

ಲೈಸೆನ್ಸ್ ಹೊಸದು, ಒಂದೇ ತಂತಿ, ಮಾತಾಡಲು ಇಷ್ಟ: ಮಾರ್ಚ್‌ನ ಡಬ್ಲ್ಯುಪಿಎಕ್ಸ್ ಎಸ್‌ಎಸ್‌ಬಿ. ಭಾನುವಾರ ಮಾತ್ರ ಕೂರಿ. ಶನಿವಾರದ ಪೈಲ್-ಅಪ್‌ಗಳು (ಒಬ್ಬರನ್ನೇ ಕರೆಯುವ ಗುಂಪುಗಳು) ಕರಗಿ, ದೊಡ್ಡವರೇ ಹೊಸ ಕಾಲ್‌ಸೈನ್‌ಗಾಗಿ ಬಾಯಿ ಬಿಡುತ್ತಿರುತ್ತಾರೆ.

ಆಂಟೆನಾಗೆ ಜಾಗವೇ ಇಲ್ಲ ಅಂದರೆ ಡಿಜಿಟಲ್, ಇಲ್ಲವೇ ಬೆನ್ನಿಗೆ ಚೀಲ ಹಾಕಿಕೊಂಡು 2 ಮೀಟರ್. ಎರಡರಲ್ಲಿ ನಾನು ಎರಡನೆಯದನ್ನೇ ಹೇಳುತ್ತೇನೆ, ಕಾಲಿಗೂ ಒಳ್ಳೆಯದು. ನಿದ್ದೆಗೆಡಲಾರೆ ಅನ್ನುವವರು 10 ಮೀಟರ್ ಸಿಂಗಲ್ ಬ್ಯಾಂಡ್. ರಾತ್ರಿ ಹೇಗೂ ನಿದ್ದೆ ಬಾರದವರು 160. ವರ್ಷಗಟ್ಟಲೆ ಆಡಿ ಬೇಸತ್ತವರು ಪವರನ್ನು 5 ವ್ಯಾಟ್‌ಗೆ ಇಳಿಸಿ ಕ್ಯುಆರ್‌ಪಿ ವಿಭಾಗದಲ್ಲಿ ಒಂದು ಸಲ ನೋಡಿ. ಅದೇ ಬ್ಯಾಂಡ್, ಅದೇ ಜನ, ಆದರೆ ಪ್ರತಿ ಸಂಪರ್ಕ ಮತ್ತೆ ಎದೆ ಬಡಿಸುತ್ತದೆ. ಇಷ್ಟು ಹೇಳಿದ ನಾನು ಕ್ಯುಆರ್‌ಪಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ತಾಳಿಲ್ಲ, ಅದು ಬೇರೆ ಮಾತು.

ಯಾವುದನ್ನೇ ಆರಿಸಿದರೂ ಲಾಗ್ ಕಳಿಸಿ. ಹನ್ನೆರಡೇ ಸಂಪರ್ಕ ಇದ್ದರೂ ಕಳಿಸಿ. ಸಿಕ್ಯು ವರ್ಲ್ಡ್ ವೈಡ್‌ಗೆ ಐದೇ ದಿನದ ಗಡುವು, ಸೋಮವಾರವೇ ಮುಗಿಸಿಬಿಡುವುದು ಒಳ್ಳೆಯದು. ಲಾಗ್ ಸಾಫ್ಟ್‌ವೇರ್ ಕಳಿಸಬೇಕಾದ ಕ್ಯಾಬ್ರಿಲೊ ಅನ್ನುವ ಫೈಲನ್ನು ತಾನೇ ಮಾಡಿಕೊಡುತ್ತದೆ. ನಿಮ್ಮ ಲಾಗ್ ಬಂದರೆ ನಿಮ್ಮನ್ನು ಸಂಪರ್ಕಿಸಿದವರ ಲಾಗನ್ನು ಅದರ ಜೊತೆ ತಾಳೆ ನೋಡಬಹುದು. ನಿಮಗೂ ಒಂದು ತಪಾಸಣೆಯ ವರದಿ ಸಿಗುತ್ತದೆ, ಯಾವ ಕಾಲ್‌ಸೈನ್ ತಪ್ಪಾಗಿ ಕೇಳಿಸಿಕೊಂಡಿರಿ, ಎಷ್ಟು ಅಂಕ ಹೋಯಿತು ಅಂತೆಲ್ಲ. ನನಗೆ ಹಾಗೆ ಬಂದ ಮೊದಲ ವರದಿಯಲ್ಲಿದ್ದ ತಪ್ಪುಗಳೆಲ್ಲ 20 ಮೀಟರ್‌ನವು. 28.7ರ ಆ ಅರ್ಧ ಗಂಟೆಯಲ್ಲಿ ಒಂದೂ ಇರಲಿಲ್ಲ.